ಕಡತ, ಓಲೆ ಮತ್ತು ಹಾರ್ಡ್ ಡಿಸ್ಕು: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಪ್ರಾಂತದ ದಾಖಲೆಗಳ ರಕ್ಷಣೆಯನ್ನು ಕುರಿತು

೧. ಪೀಠಿಕೆ

ಇತಿಹಾಸದ ಆಕರಗಳು ಹೇಗೆ ನಾಶವಾಗುತ್ತವೆ ಎಂದು ತರಗತಿಯಲ್ಲಿ ಕೇಳಿದರೆ ಗೆದ್ದಲು, ಬೆಂಕಿ, ಮಳೆ, ದಂಡಿನ ದಾಳಿ ಎಂಬ ಉತ್ತರಗಳು ಬರುವುವು. ಈ ಪಟ್ಟಿಗೆ ಇನ್ನೊಂದನ್ನು ಸೇರಿಸಬೇಕಾದ ಕಾಲ ಈಗ ಒದಗಿದೆ. ಕಳೆದ ಎರಡು ದಶಕಗಳಲ್ಲಿ ನಮ್ಮ ನಾಡಿನಲ್ಲಿ ಕ್ಷೇತ್ರಕಾರ್ಯ ಕೈಗೊಂಡ ಅಧ್ಯಾಪಕರೂ ವಿದ್ಯಾರ್ಥಿಗಳೂ ಶಾಸನಗಳ, ಓಲೆಗರಿಗಳ, ಮನೆತನದ ಕಾಗದಪತ್ರಗಳ ಛಾಯಾಚಿತ್ರಗಳನ್ನು ಬಹುಮಟ್ಟಿಗೆ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿಯೇ ಸಂಗ್ರಹಿಸಿದ್ದಾರೆ. ಮೂಲವು ಎಲ್ಲಿಯೋ ಇದೆ, ನಮ್ಮಲ್ಲಿರುವುದು ಅದರ ನೆರಳು ಮಾತ್ರ ಎಂಬ ಭಾವನೆಯಿಂದ ಆ ಡಿಸ್ಕಿನ ಕ್ಷೇಮವನ್ನು ಯಾರೂ ಅಷ್ಟಾಗಿ ವಿಚಾರಿಸುವುದಿಲ್ಲ. ಆದರೆ ಮೂಲವು ಅಳಿದು ನೆರಳೇ ಮೂಲವಾಗುವ ಪ್ರಸಂಗಗಳು ಉಂಟು. ಅಂತಹ ಒಂದು ಪ್ರಸಂಗವು ನಮಗೇ ಒದಗಿದುದರಿಂದ ಈ ಲೇಖನವನ್ನು ಬರೆಯಬೇಕಾಯಿತು.

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ದಾಖಲೆಗಳು ಹಿಂದೆ ಹೇಗೆ ಉಳಿದು ಬಂದುವು ಎಂಬುದನ್ನು ಮೊದಲು ನೋಡಿ, ಕುಂದುತ್ತಿರುವ ಹಾರ್ಡ್ ಡಿಸ್ಕಿನ ವಿಷಯದಲ್ಲಿ ಆ ಅನುಭವದಿಂದ ನಾವು ಕಲಿಯಬಹುದಾದುದೇನು ಎಂಬುದನ್ನು ಮುಂದೆ ವಿವೇಚಿಸಲಾಗುವುದು. ಬರೆದ ವಸ್ತುವು ಯಾವುದೇ ಆಗಿರಲಿ, ಅದು ಕುಂದುವ ಚಿಹ್ನೆ ಕಂಡೊಡನೆ ಮಾಡತಕ್ಕ ಮೊದಲ ಕೆಲಸ ಪ್ರತಿ ತೆಗೆಯುವುದು. ದುರಸ್ತಿಯ ವಿಚಾರ ಆಮೇಲಿನದು. ಇದೇ ನಾವು ಇಲ್ಲಿ ಪ್ರತಿಪಾದಿಸಬಯಸುವ ಅಂಶ.

೨. ಪ್ರಾಂತದ ದಾಖಲೆಗಳು

ತುಂಗಾ ಭದ್ರಾ ನದಿಗಳ ಮೇಲ್ಭಾಗದಲ್ಲಿರುವ ಈ ಮೂರು ತಾಲ್ಲೂಕುಗಳು ವಿಸ್ತಾರದಲ್ಲಿ ಚಿಕ್ಕವಾದರೂ ದಾಖಲೆಗಳ ದೃಷ್ಟಿಯಿಂದ ಸಮೃದ್ಧವಾದುವು. ಕಿಗ್ಗದಲ್ಲಿ ಆಳುಪ ಚಿತ್ರವಾಹನನ ಕಾಲದ ಪ್ರಾಚೀನ ಶಾಸನಗಳಿವೆ. ಶೃಂಗೇರಿಯ ಪಾರ್ಶ್ವನಾಥ ಬಸದಿಯಲ್ಲಿ ೧೨ನೆಯ ಶತಮಾನದ ಶಾಸನವಿದೆ. ವಿಜಯನಗರದ ಹರಿಹರನೂ ಅವನ ಸೋದರರೂ ೧೩೪೬ರಲ್ಲಿ ಭಾರತೀತೀರ್ಥ ಶ್ರೀಪಾದರಿಗೂ ಅವರ ಶಿಷ್ಯರಿಗೂ ಭೂಮಿಯನ್ನು ದತ್ತಿಯಾಗಿ ಕೊಟ್ಟುದನ್ನು ಹೇಳುವ ಶಿಲಾಶಾಸನವು ಶೃಂಗೇರಿಯದೇ ಆಗಿದ್ದು, ಆ ರಾಜ್ಯದ ಆರಂಭದ ಚರಿತ್ರೆಯನ್ನು ಬರೆಯುವವರೆಲ್ಲರೂ ಅದನ್ನು ಆಶ್ರಯಿಸಬೇಕಾಗಿದೆ. ನರಸಿಂಹರಾಜಪುರದ ಸಮೀಪದಲ್ಲಿ ಸಿಂಹನಗದ್ದೆಯ ಜೈನ ಮಠವೂ ಜ್ವಾಲಾಮಾಲಿನಿಯ ಬಸದಿಯೂ, ಅದೇ ತಾಲ್ಲೂಕಿನ ಬಾಳೆಹೊನ್ನೂರಿನಲ್ಲಿ ವೀರಶೈವರ ರಂಭಾಪುರಿ ಪೀಠವೂ ಇವೆ. ಕೊಪ್ಪ ತಾಲ್ಲೂಕಿನಲ್ಲಿ ತುಂಗೆಯ ದಡದ ಹರಿಹರಪುರದಲ್ಲಿ ಇನ್ನೊಂದು ಮಠವಿದೆ. ಮಠಗಳಲ್ಲದೆ ಅಡಿಕೆಯ ತೋಟಗಳ ನಡುವಣ ಹಳೆಯ ಮನೆಗಳಲ್ಲಿ ಭೂಮಿ, ಪಾಲುಪಾರಿಖತ್ತು, ಸಾಲ, ದೇವಸ್ಥಾನದ ಲೆಕ್ಕ ಮುಂತಾದುವನ್ನು ಕುರಿತ ಬರಹಗಳು ಪೆಟ್ಟಿಗೆಗಳಲ್ಲಿಯೂ ಅಟ್ಟಗಳಲ್ಲಿಯೂ ದೊರೆಯುತ್ತವೆ.

ಇಲ್ಲಿಯ ಹೆಸರುಗಳ ವಿಷಯವಾಗಿ ಓದುಗರು ಒಂದು ಅಂಶವನ್ನು ಗಮನದಲ್ಲಿಡಬೇಕು. ಬಿ. ಎಲ್. ರೈಸ್ ಅವರು ೧೯೦೧ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ೬ನೆಯ ಸಂಪುಟವನ್ನು ಪ್ರಕಟಿಸಿದಾಗ ಇದು ಕಡೂರು ಜಿಲ್ಲೆಯಾಗಿತ್ತು. ಶೃಂಗೇರಿಯು ಮಠದ ಜಹಗೀರಾಗಿತ್ತು. ನರಸಿಂಹರಾಜಪುರಕ್ಕೆ ಎಡೇಹಳ್ಳಿ ಎಂಬ ಹೆಸರಿದ್ದು ಅದು ಕೊಪ್ಪಕ್ಕೆ ಸೇರಿತ್ತು. ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಭೇಟಿಯ ನೆನಪಿಗಾಗಿ ೧೯೧೫ರಲ್ಲಿ ಆ ಊರಿಗೆ ಈಗಿನ ಹೆಸರು ಬಂದಿತು. ಕಿಗ್ಗವು ಇಂದು ಶೃಂಗೇರಿ ತಾಲ್ಲೂಕಿನಲ್ಲಿದ್ದರೂ ರೈಸ್ ಅವರ ಸಂಪುಟದಲ್ಲಿ ಆ ಆಳುಪ ಶಾಸನಗಳು ಕೊಪ್ಪದ ಸಂಖ್ಯೆಗಳಲ್ಲಿ ಸೇರಿವೆ. ದಾಖಲೆಯ ಪಾಠವು ಉಳಿದರೂ ಅದು ಎಲ್ಲಿಯದು ಎಂಬ ಗುರುತು ಹೋದರೆ ಆಗುವ ತೊಡಕನ್ನು ಮುಂದೆ ಹೇಳಲಿರುವುದರಿಂದ ಈ ಸಂಗತಿಯನ್ನು ಇಲ್ಲಿಯೇ ಸೂಚಿಸಿದ್ದೇವೆ.

೩. ಬರೆವ ವಸ್ತುಗಳು ಮತ್ತು ಅವುಗಳ ಅಳಿವು

ಮಲೆನಾಡಿನ ಹವೆಯಲ್ಲಿ ಯಾವ ಬರಹವೂ ತಾನಾಗಿ ಉಳಿಯಲಾರದು. ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಬಿಡದೆ ಸುರಿಯುವ ಮಳೆಯೂ ಗೋಡೆಯ ತೇವವೂ ಬೂಷ್ಟೂ ಹುಳುವೂ ಇಲ್ಲಿ ನಿತ್ಯದ ಶತ್ರುಗಳು. ತಾಳೆಯೋಲೆಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದು, ಮಸಿ ಹಚ್ಚಿ ಒರಸಿದರೆ ಅಕ್ಷರಗಳು ಸ್ಪಷ್ಟವಾಗುವುವು. ಆದರೆ ಓಲೆಯು ಒಣಗಿದರೆ ಮುರಿಯುವುದು, ತೇವಗೊಂಡರೆ ಒಂದಕ್ಕೊಂದು ಅಂಟುವುದು, ಉಪೇಕ್ಷಿಸಿದರೆ ಹುಳುವಿಗೆ ಆಹಾರವಾಗುವುದು. ಹಿಂದಿನವರು ಕಟ್ಟುಗಳನ್ನು ಅಡಿಗೆಮನೆಯ ಹೊಗೆ ತಗಲುವ ಅಟ್ಟದಲ್ಲಿಡುತ್ತಿದ್ದುದೂ, ಕಾಲಕಾಲಕ್ಕೆ ಬಿಚ್ಚಿ ಗಾಳಿಗೆ ಹಿಡಿದು ಎಣ್ಣೆ ಸವರುತ್ತಿದ್ದುದೂ ಈ ಕಾರಣದಿಂದಲೇ. ಇಷ್ಟಾದರೂ ಓಲೆಗೆ ಆಯುಸ್ಸಿನ ಮಿತಿಯುಂಟೆಂಬುದು ಅವರಿಗೆ ತಿಳಿದಿತ್ತು. ಆದುದರಿಂದಲೇ ಹಳೆಯ ಪ್ರತಿ ಶಿಥಿಲವಾದಾಗ ಹೊಸದನ್ನು ಬರೆಯಿಸುವುದು ಪುಣ್ಯಕಾರ್ಯವೆಂದು ಎಣಿಸಲ್ಪಟ್ಟಿತು. ಇಂದು ನಾವು ಪ್ರಾಚೀನವೆಂದು ಓದುವ ಹಳಗನ್ನಡ ಕಾವ್ಯಗಳಲ್ಲಿ ಕವಿಯ ಸ್ವಹಸ್ತದ ಪ್ರತಿಯಿಂದ ಅಚ್ಚಾದುದು ಒಂದೂ ಇಲ್ಲ. ಎಲ್ಲವೂ ಪ್ರತಿಯ ಪ್ರತಿಗಳಿಂದಲೇ ಬಂದುವು.

ಕಡತದ ರಚನೆ ಇನ್ನೂ ವಿಚಾರಾರ್ಹವಾದುದು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬೆರಸಿ ಬಳಿದು, ಒಣಗಿಸಿ, ಹಲಗೆಯಂತೆ ಬಿರುಸಾದ ಕಪ್ಪು ಮೈಯನ್ನು ಮಾಡಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದ ಕಡ್ಡಿಯಿಂದ ಬಿಳಿಯ ಅಕ್ಷರಗಳನ್ನು ಬರೆಯುತ್ತಿದ್ದರು. ಶಾನುಭೋಗರ ಲೆಕ್ಕಗಳೂ ಅಂಗಡಿಯವರ ಲೆಕ್ಕಗಳೂ ಮಠಗಳ ದಾಖಲೆಗಳೂ ಇದರಲ್ಲಿರುತ್ತಿದ್ದುವು. ಬೇಡವಾದುದನ್ನು ಅಳಿಸಿ, ಮತ್ತೆ ಕಪ್ಪು ಬಳಿದು, ಹೊಸದಾಗಿ ಬರೆಯಲು ಸಾಧ್ಯವಿದ್ದುದು ಕಡತದ ವಿಶೇಷ. ಓಲೆಯಲ್ಲಿ ಕೊರೆದುದು ಕೊರೆದಂತೆಯೇ ಉಳಿಯುವುದು. ಕಡತದಲ್ಲಿ ಬರೆದುದು ಅಳಿಸಬಹುದಾದುದು. ಜೋಪಾನವಾಗಿಟ್ಟರೆ ಶತಮಾನಗಳ ಕಾಲ ಬಾಳುವ ಈ ವಸ್ತುವು ನೀರು ತಗಲಿದರೆ ಮಾತ್ರ ಬೇಗನೆ ಕೆಡುತ್ತದೆ. ಅಂಟು ಉಬ್ಬಿ ಮಡಿಕೆಗಳು ಕೂಡಿಕೊಳ್ಳುವುವು, ಬಳಪದ ಗೆರೆ ಅಳಿದುಹೋಗುವುದು. ಅಳಿಸಿ ಬರೆಯಬಹುದಾದ ಗುಣದಲ್ಲಿಯೂ, ಕೆಡುವಾಗ ಒಮ್ಮೆಗೇ ಬಹುಭಾಗ ಕೆಡುವ ಗುಣದಲ್ಲಿಯೂ, ನಮ್ಮ ಕಾಲದ ಹಾರ್ಡ್ ಡಿಸ್ಕು ಓಲೆಗಿಂತ ಕಡತಕ್ಕೇ ಹತ್ತಿರವಾದುದೆಂದು ಹೇಳಬಹುದು.

೪. ಪ್ರತಿಯಿಂದ ಉಳಿದ ಇತಿಹಾಸ

ಈ ಪ್ರಾಂತದ ಇತಿಹಾಸದಲ್ಲಿ ನಮಗೆ ತಿಳಿದಿರುವ ಎಷ್ಟೋ ಸಂಗತಿಗಳು ಯಾರೋ ಸಕಾಲದಲ್ಲಿ ಪ್ರತಿ ತೆಗೆದುದರಿಂದ ಉಳಿದುವು. ೧೭೯೧ರಲ್ಲಿ ಮರಾಠರ ದಂಡಿನವರು ಶೃಂಗೇರಿಯ ಮೇಲೆ ಬಿದ್ದು ಮಠವನ್ನು ಸೂರೆಮಾಡಿದರು. ಆಗ ಪೀಠದಲ್ಲಿದ್ದ ಸಚ್ಚಿದಾನಂದ ಭಾರತೀ ಸ್ವಾಮಿಗಳು ಕಾರ್ಕಳಕ್ಕೆ ಹೋಗಬೇಕಾಯಿತು. ಅವರು ಟಿಪ್ಪು ಸುಲ್ತಾನನಿಗೆ ಬರೆದುದು, ಆತನು ನಗರದ ಅಧಿಕಾರಿಯ ಮೂಲಕ ೨೦೦ ರಹತಿ ನಗದನ್ನೂ ೨೦೦ ರಹತಿಯ ಬೆಲೆಯ ಧಾನ್ಯವನ್ನೂ ಕೊಡಿಸುವಂತೆ ಆಜ್ಞಾಪಿಸಿದುದು, ಇವೆಲ್ಲ ಮಠದಲ್ಲಿ ಉಳಿದಿದ್ದ ಕನ್ನಡ ಪತ್ರಗಳಿಂದ ತಿಳಿದುಬಂದ ವಿಷಯಗಳು. ಸುಮಾರು ಮೂವತ್ತರಷ್ಟಿರುವ ಆ ಪತ್ರಗಳನ್ನು ಮೈಸೂರು ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರು ೧೯೧೬ರಲ್ಲಿ ಬೆಳಕಿಗೆ ತಂದರು. ಒಂದೂಕಾಲು ಶತಮಾನದ ಮಳೆಗಾಲಗಳನ್ನು ದಾಟಿ ಬಂದ ಆ ಕಾಗದಗಳಲ್ಲಿದ್ದುದು ಆ ಮೇಲೆ ಅಚ್ಚಿನಲ್ಲಿ ನೆಲೆಗೊಂಡಿತು. ೧೯೩೩ನೆಯ ವರ್ಷದ ಇಲಾಖೆಯ ವರದಿಯಲ್ಲಿ ಶೃಂಗೇರಿಯ ಕಡತದಿಂದಲೂ ವಿಷಯಗಳು ಪ್ರಕಟವಾಗಿ, ವಿಜಯನಗರದ ಆದಿ ಅರಸರಿಗೂ ಮಠದ ಗುರುಗಳಿಗೂ ಇದ್ದ ಸಂಬಂಧದ ಚರ್ಚೆಗೆ ಹೊಸ ಸಾಮಗ್ರಿ ಒದಗಿತು. ಮುಂದೆ ಎ. ಕೆ. ಶಾಸ್ತ್ರಿಯವರು ೧೯೮೨ರಲ್ಲಿ ಶೃಂಗೇರಿಯ ಇತಿಹಾಸವನ್ನೂ ೨೦೦೯ರಲ್ಲಿ ಮಠದ ದಾಖಲೆಗಳ ಸಂಗ್ರಹವನ್ನೂ ಪ್ರಕಟಿಸಿ ಈ ಕೆಲಸವನ್ನು ವಿಸ್ತರಿಸಿದರು.

ನೆರೆಯ ಮೂಡುಬಿದಿರೆಯ ಉದಾಹರಣೆಯೂ ಇಲ್ಲಿ ಸ್ಮರಣೀಯವಾಗಿದೆ. ದಿಗಂಬರ ಜೈನರ ಧವಲಾ, ಜಯಧವಲಾ ಗ್ರಂಥಗಳ ತಾಡಪ್ರತಿಗಳು ಕನ್ನಡ ಲಿಪಿಯಲ್ಲಿ ಅಲ್ಲಿ ಮಾತ್ರ ಉಳಿದಿದ್ದುವು. ೧೯ನೆಯ ಶತಮಾನದ ಕೊನೆಯಲ್ಲಿ ಆರಂಭವಾದ ಪ್ರತಿಲೇಖನದ ಕೆಲಸ ದಶಕಗಳ ಕಾಲ ನಡೆಯಿತು. ೧೯೩೯ರಿಂದ ೧೯೫೯ರವರೆಗೆ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾ ಗ್ರಂಥವು ೧೬ ಸಂಪುಟಗಳಲ್ಲಿ ಹೊರಬಂದಿತು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಾಶಾಸ್ತ್ರಿಗಳು ೧೯೦೫ರಲ್ಲಿ ಗುರುತಿಸಿ ೧೯೦೯ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯ ಕಥೆ ಎಲ್ಲರಿಗೂ ವಿದಿತವೇ ಆಗಿದೆ. ಆ ಗರಿಗಳು ಓದುವ ಕಣ್ಣಿಗೆ ಬೀಳುವ ಮೊದಲೇ ಪುಡಿಯಾಗಿದ್ದರೆ ಪ್ರಾಚೀನ ಭಾರತದ ರಾಜ್ಯಪದ್ಧತಿಯನ್ನು ಕುರಿತು ಈಗ ನಾವು ಬೋಧಿಸುವ ಪಾಠವೇ ಬೇರೆಯಾಗಿರುತ್ತಿತ್ತು.

ಕಲ್ಲಾದರೂ ಶಾಶ್ವತವೆಂದು ನಂಬುವಂತಿಲ್ಲ. ೧೯೬೦ರ ದಶಕದಲ್ಲಿ ಪೂರ್ಣಗೊಂಡ ಭದ್ರಾ ಜಲಾಶಯದ ಹಿನ್ನೀರು ನರಸಿಂಹರಾಜಪುರ ತಾಲ್ಲೂಕಿನ ಅನೇಕ ಗ್ರಾಮಗಳ ನೆಲವನ್ನು ಆವರಿಸಿತು. ಹಾಗೆ ಮುಳುಗಿದ ನೆಲದಲ್ಲಿ ಶಾಸನವೊಂದು ನಿಂತಿದ್ದರೆ, ಅದಕ್ಕೆ ಮೊದಲೇ ಯಾರಾದರೂ ಒದ್ದೆಕಾಗದವನ್ನು ಕಲ್ಲಿನ ಮೇಲೆ ಹಾಸಿ, ಕುಂಚದಿಂದ ತಟ್ಟಿ, ಮಸಿ ಹಚ್ಚಿ ತೆಗೆದ ಪಡಿಯಚ್ಚೇ ಇಂದು ಅದರ ಸ್ಥಾನದಲ್ಲಿ ನಿಲ್ಲಬೇಕಾಗುವುದು.

೫. ಹಾರ್ಡ್ ಡಿಸ್ಕಿನ ಸ್ವರೂಪ

ಇನ್ನು ನಮ್ಮ ಕಾಲದ ಬರೆವ ವಸ್ತುವಿನ ಕಡೆಗೆ ತಿರುಗೋಣ. ೧೯೫೬ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯು ಹೊರತಂದ ಮೊದಲ ಡಿಸ್ಕು ಯಂತ್ರದಲ್ಲಿ ೨೪ ಅಂಗುಲ ವ್ಯಾಸದ ೫೦ ತಟ್ಟೆಗಳಿದ್ದು, ಸುಮಾರು ೫೦ ಲಕ್ಷ ಅಕ್ಷರಗಳು ಅದರಲ್ಲಿ ಹಿಡಿಯುತ್ತಿದ್ದುವು. ಇಂದು ಅಂಗೈಯಗಲದ ಡಿಸ್ಕಿನಲ್ಲಿ ಅದರ ಲಕ್ಷಾಂತರ ಪಾಲು ಹಿಡಿಯುತ್ತದೆಯಾದರೂ ತತ್ತ್ವವು ಅದೇ ಆಗಿದೆ. ಅಲ್ಯುಮಿನಿಯಂ ಅಥವಾ ಗಾಜಿನ ತಟ್ಟೆಗೆ ಅಯಸ್ಕಾಂತೀಯ ಲೇಪವನ್ನು ಕೊಟ್ಟು, ಅದನ್ನು ನಿಮಿಷಕ್ಕೆ ೫,೪೦೦ ಅಥವಾ ೭,೨೦೦ ಸುತ್ತುಗಳಂತೆ ತಿರುಗಿಸುತ್ತಾರೆ. ಓದುವ ಮತ್ತು ಬರೆಯುವ ತಲೆಯು ತಟ್ಟೆಗೆ ತಗಲದೆ, ಕೆಲವೇ ನ್ಯಾನೊಮೀಟರುಗಳ ಅಂತರದಲ್ಲಿ, ಗಾಳಿಯ ಒತ್ತಡದ ಮೇಲೆ ತೇಲುತ್ತಿರುತ್ತದೆ. ಕೂದಲಿನ ದಪ್ಪವು ಇದರ ಸಾವಿರಾರು ಪಟ್ಟು. ಆದುದರಿಂದ ಒಂದು ಧೂಳಿನ ಕಣವೂ ಒಂದು ಪೆಟ್ಟೂ ತಟ್ಟೆಯ ಮೈಯನ್ನು ಗೀರಬಲ್ಲುದು.

ತಟ್ಟೆಯ ಮೈಯನ್ನು ಸೆಕ್ಟರುಗಳೆಂಬ ಚಿಕ್ಕ ಭಾಗಗಳಾಗಿ ವಿಂಗಡಿಸಿರುತ್ತಾರೆ. ಕೆಟ್ಟ ಸೆಕ್ಟರಿನ ಬದಲಿಗೆ ಉಪಯೋಗಿಸಲು ಕೆಲವು ಮೀಸಲು ಸೆಕ್ಟರುಗಳಿರುತ್ತವೆ. ಡಿಸ್ಕು ತನ್ನ ಕುಂದನ್ನು ಹೀಗೆ ತಾನೇ ಮುಚ್ಚಿಕೊಳ್ಳುತ್ತ ಬರುವುದರಿಂದ ಬಳಸುವವನಿಗೆ ಬಹುಕಾಲ ಏನೂ ತಿಳಿಯುವುದಿಲ್ಲ. ಎಷ್ಟು ಸೆಕ್ಟರುಗಳನ್ನು ಬದಲಾಯಿಸಲಾಯಿತು, ಎಷ್ಟು ಸಂದೇಹಾಸ್ಪದವಾಗಿವೆ ಎಂಬ ಲೆಕ್ಕವನ್ನು ಸ್ಮಾರ್ಟ್ ಎಂಬ ವ್ಯವಸ್ಥೆಯು ಡಿಸ್ಕಿನೊಳಗೇ ಇಟ್ಟಿರುತ್ತದೆ. ಉಚಿತವಾಗಿ ದೊರೆಯುವ ತಂತ್ರಾಂಶಗಳಿಂದ ಅದನ್ನು ಓದಬಹುದು. ಹೊರಗಿನ ಚಿಹ್ನೆಗಳೆಂದರೆ, ಫೈಲು ತೆರೆಯಲು ಎಂದಿಗಿಂತ ಬಹಳ ಹೊತ್ತು ಹಿಡಿಯುವುದು, ಚಿತ್ರದ ಕೆಳಗಿನ ಅರ್ಧ ಬೂದುಬಣ್ಣವಾಗಿ ಕಾಣುವುದು, ನಕಲು ಮಾಡುವಾಗ ನಡುವೆ ನಿಂತುಹೋಗುವುದು, ಮತ್ತು ಒಳಗಿನಿಂದ ಕ್ರಮವಾಗಿ ಟಕಟಕ ಎಂಬ ಸದ್ದು ಬರುವುದು. ಕೊನೆಯದು ತಲೆಯು ತನ್ನ ಸ್ಥಾನವನ್ನು ಹುಡುಕಲಾರದೆ ಹೋದುದರ ಲಕ್ಷಣ. ಆಗ ಕೂಡಲೇ ವಿದ್ಯುತ್ತನ್ನು ತೆಗೆಯಬೇಕು.

ಗೂಗಲ್ ಸಂಸ್ಥೆಯ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಪರಿಶೀಲಿಸಿ ೨೦೦೭ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಎರಡು ಅಂಶಗಳು ನಮಗೆ ಉಪಯುಕ್ತವಾಗಿವೆ. ತಟ್ಟೆಯ ಮೈಯನ್ನು ಪರೀಕ್ಷಿಸುವಾಗ ಮೊದಲ ದೋಷ ಕಂಡ ಡಿಸ್ಕು, ದೋಷವಿಲ್ಲದುದಕ್ಕಿಂತ, ೬೦ ದಿನಗಳೊಳಗೆ ಕೆಡುವ ಸಂಭವ ೩೯ ಪಟ್ಟು ಹೆಚ್ಚು. ಆದರೆ ಕೆಟ್ಟ ಡಿಸ್ಕುಗಳಲ್ಲಿ ಶೇಕಡ ೫೬ಕ್ಕೂ ಹೆಚ್ಚಿನವು ಮುಖ್ಯವಾದ ನಾಲ್ಕು ಎಚ್ಚರಿಕೆಯ ಚಿಹ್ನೆಗಳಲ್ಲಿ ಒಂದನ್ನೂ ತೋರಿಸದೆಯೇ ಕೆಟ್ಟಿದ್ದುವು. ಚಿಹ್ನೆ ಕಂಡರೆ ತಡಮಾಡಬಾರದು. ಕಾಣದಿದ್ದರೂ ನಿಶ್ಚಿಂತೆಯಿಂದ ಇರಬಾರದು ಎಂದು ಇದರಿಂದ ಸಿದ್ಧಪಡುವುದು.

೬. ನಮ್ಮ ಡಿಸ್ಕಿನ ವೃತ್ತಾಂತ

೨೦೧೭ರ ಬೇಸಿಗೆಯಲ್ಲಿ ನಾವು ವಿದ್ಯಾರ್ಥಿಗಳೊಡನೆ ಈ ಮೂರು ತಾಲ್ಲೂಕುಗಳಲ್ಲಿ ಸಂಚರಿಸಿ ಶಾಸನಗಳ ಮತ್ತು ಮನೆತನದ ದಾಖಲೆಗಳ ಛಾಯಾಚಿತ್ರಗಳನ್ನು ತೆಗೆದೆವು. ಕೊಪ್ಪ ತಾಲ್ಲೂಕಿನ ಒಂದು ಮನೆಯವರು ತಮ್ಮ ಅಟ್ಟದಲ್ಲಿದ್ದ ಕಡತಗಳ ಕಟ್ಟನ್ನು ಮೂರು ದಿನ ನಮ್ಮ ಮುಂದೆ ಬಿಚ್ಚಿಟ್ಟರು. ತೋಟದ ಗಡಿ, ಎರಡು ಕವಲುಗಳ ನಡುವೆ ಆದ ಪಾಲು, ದೇವರ ಉಂಬಳಿಯ ಲೆಕ್ಕ ಇವು ಅದರಲ್ಲಿದ್ದುವು. ಅವರು ಹಾಕಿದ ಷರತ್ತು ಒಂದೇ: ಚಿತ್ರಗಳ ಒಂದು ಪ್ರತಿಯನ್ನು ಮನೆಗೆ ಕೊಡಬೇಕು. ನಾವು ಒಪ್ಪಿದೆವು. ಆದರೆ ಪಾಠವನ್ನು ಓದಿ ಮುಗಿಸಿದ ಮೇಲೆ ಎಲ್ಲವನ್ನೂ ಕೂಡಿಸಿ ಕೊಡೋಣವೆಂದು ಒಂದು ವರ್ಷ, ಪರೀಕ್ಷೆಗಳ ಕೆಲಸವೆಂದು ಇನ್ನೊಂದು ವರ್ಷ ಕಳೆದುವು. ೨೦೧೯ರ ಆಗಸ್ಟಿನಲ್ಲಿ ಮಲೆನಾಡಿನ ಮೇಲೆ ಬಿದ್ದ ಅತಿವೃಷ್ಟಿಯಲ್ಲಿ ಆ ಮನೆಯ ಮಾಡು ಕುಸಿದು ಅಟ್ಟವು ನೆನೆಯಿತು. ಕಡತಗಳ ಕಟ್ಟು ಬಿಡಿಸಲಾರದ ಒಂದು ಮುದ್ದೆಯಾಯಿತು. ಆ ದಿನದಿಂದ ನಮ್ಮ ವಿಭಾಗದ ಬೀರುವಿನಲ್ಲಿದ್ದ ಡಿಸ್ಕು ನಕಲನ್ನಿಟ್ಟ ಸ್ಥಳವಾಗಿ ಉಳಿಯಲಿಲ್ಲ, ಅದೇ ಮೂಲವಾಯಿತು. ಈ ಬದಲಾವಣೆ ಆದುದನ್ನು ನಾವು ಗ್ರಹಿಸದೆ ಹೋದುದೇ ನಮ್ಮ ಮೊದಲ ತಪ್ಪು. ಕ್ಯಾಮರಾದ ಕಾರ್ಡುಗಳನ್ನು ಅಷ್ಟರಲ್ಲಿ ಅಳಿಸಿ ಬೇರೆ ಕೆಲಸಕ್ಕೆ ಬಳಸಿಯಾಗಿತ್ತು.

೨೦೨೨ರಲ್ಲಿ ಆ ಡಿಸ್ಕನ್ನು ಜೋಡಿಸಿದಾಗ ಚಿತ್ರಗಳು ನಿಧಾನವಾಗಿ ತೆರೆದುವು; ಕೆಲವು ಅರ್ಧ ಮಾತ್ರ ಕಂಡುವು. ಡಿಸ್ಕಿನಲ್ಲಿ ದೋಷವಿದೆ, ಸರಿಪಡಿಸಲೇ ಎಂದು ಕಂಪ್ಯೂಟರು ತಾನಾಗಿಯೇ ಕೇಳಿತು. ನಾವು ಒಪ್ಪಿಗೆಯಿತ್ತೆವು. ಇದು ಎರಡನೆಯ ತಪ್ಪು, ಮತ್ತು ಇದನ್ನು ವಿವರಿಸುವುದು ಅವಶ್ಯಕ. ಸರಿಪಡಿಸುವ ತಂತ್ರಾಂಶದ ಉದ್ದೇಶ ಫೈಲುಗಳ ಪಟ್ಟಿಯು ಒಳಗಿಂದೊಳಗೆ ಹೊಂದಿಕೊಳ್ಳುವಂತೆ ಮಾಡುವುದು. ಫೈಲುಗಳೊಳಗಿನ ವಿಷಯವನ್ನು ಉಳಿಸುವುದಲ್ಲ. ಹೊಂದಿಕೆಯಿಲ್ಲದ ನಮೂದನ್ನು ಅದು ಕಿತ್ತುಹಾಕುತ್ತದೆ. ವಾರಸುದಾರನಿಲ್ಲದ ತುಣುಕುಗಳಿಗೆ ಕ್ರಮಸಂಖ್ಯೆಯ ಹೆಸರು ಕೊಟ್ಟು ಒಂದು ಕಡೆ ರಾಶಿ ಹಾಕುತ್ತದೆ. ಇದೆಲ್ಲವನ್ನೂ ಕುಂದುತ್ತಿರುವ ಅದೇ ಡಿಸ್ಕಿನ ಮೇಲೆಯೇ ಬರೆಯುತ್ತದೆ. ಒಂದು ಗಂಟೆಯ ಮೇಲೆ ನೋಡಿದರೆ ಊರು, ಮನೆ, ದಿನಾಂಕಗಳ ಪ್ರಕಾರ ನಾವು ವಿಂಗಡಿಸಿಟ್ಟಿದ್ದ ಹೆಸರುಗಳಲ್ಲಿ ಬಹುಭಾಗ ಮಾಯವಾಗಿ, ಸಂಖ್ಯೆಗಳು ಮಾತ್ರ ಉಳಿದಿದ್ದುವು. ಓಲೆಯ ಕಟ್ಟಿನಿಂದ ದಾರವನ್ನು ಕಿತ್ತು ಗರಿಗಳನ್ನು ಚೆಲ್ಲಿದಂತಾಯಿತು.

ಅಲ್ಲಿಗೆ ನಿಲ್ಲಿಸಿ, ಡಿಸ್ಕನ್ನು ಕಳಚಿ, ತಿಳಿದವರನ್ನು ವಿಚಾರಿಸಿದೆವು. ಡಿಸ್ಕನ್ನು ಶೀತಕದಲ್ಲಿ ಒಂದು ರಾತ್ರಿ ಇಟ್ಟರೆ ಸರಿಹೋಗುವುದೆಂದು ಹೇಳಿದವರೂ ಉಂಟು. ಹೊರತೆಗೆದೊಡನೆ ತಣ್ಣನೆಯ ತಟ್ಟೆಯ ಮೇಲೆ ಗಾಳಿಯ ತೇವ ಕೂಡಿಕೊಳ್ಳುವುದರಿಂದ, ಅದರಲ್ಲಿಯೂ ಮಲೆನಾಡಿನ ಹವೆಯಲ್ಲಿ, ಇದು ಅಪಾಯಕರವಾದುದು. ಮನೆಯಲ್ಲಿ ಮುಚ್ಚಳ ತೆರೆದು ನೋಡುವುದೂ ಅಷ್ಟೇ ಅನರ್ಥಕಾರಿ. ಸದ್ದು ಬರುತ್ತಿದ್ದರೆ ಧೂಳಿಲ್ಲದ ಕೊಠಡಿಯುಳ್ಳ ತಜ್ಞರಿಗೆ ಒಪ್ಪಿಸುವುದೊಂದೇ ದಾರಿ. ನಮ್ಮದರಲ್ಲಿ ಸದ್ದಿರಲಿಲ್ಲ, ಓದುವ ದೋಷಗಳು ಮಾತ್ರ ಇದ್ದುವು. ಆದುದರಿಂದ ಅದಕ್ಕಿಂತ ದೊಡ್ಡದಾದ ಹೊಸ ಡಿಸ್ಕೊಂದನ್ನು ತಂದು, ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ಹಳೆಯದರ ಪೂರ್ಣ ಪ್ರತಿಯನ್ನು ತೆಗೆಯತೊಡಗಿದೆವು. ಇದು ಫೈಲುಗಳ ಹೆಸರನ್ನು ನೋಡದೆ ತಟ್ಟೆಯನ್ನು ಮೊದಲಿಂದ ಕೊನೆಯವರೆಗೆ ಓದುತ್ತದೆ. ಸುಲಭವಾಗಿ ಓದಲಾಗುವುದನ್ನು ಮೊದಲು ತೆಗೆದುಕೊಂಡು, ಕಷ್ಟವಾದುದನ್ನು ದಾಟಿ ಮುಂದೆ ಹೋಗಿ, ಆ ಮೇಲೆ ಬಿಟ್ಟುದರ ಕಡೆಗೆ ಮರಳುತ್ತದೆ. ಯಾವ ಸೆಕ್ಟರು ದೊರೆತಿತು, ಯಾವುದು ದೊರೆಯಲಿಲ್ಲ ಎಂಬುದನ್ನು ಒಂದು ಪಟ್ಟಿಯಲ್ಲಿ ಬರೆದಿಡುತ್ತದೆ. ಡಿಸ್ಕಿನ ಉಸಿರು ಯಾವಾಗ ನಿಲ್ಲುವುದೋ ತಿಳಿಯದಿರುವಾಗ ಈ ಕ್ರಮವೇ ವಿವೇಕದ್ದು. ಮೊದಲ ಸುತ್ತು ಒಂದು ದಿನದಲ್ಲಿ ಮುಗಿಯಿತು. ಉಳಿದ ಅಲ್ಪಭಾಗಕ್ಕೆ ಐದು ದಿನ ಹಿಡಿಯಿತು. ಹಳೆಯ ಡಿಸ್ಕಿನ ಮೇಲೆ ಒಂದಕ್ಷರವನ್ನೂ ಬರೆಯಲಿಲ್ಲ. ಆ ಬಳಿಕ ಹೊಸ ಪ್ರತಿಯ ಇನ್ನೊಂದು ಪ್ರತಿಯನ್ನು ಮಾಡಿಕೊಂಡು, ಅದರ ಮೇಲೆ ಫೋಟೋರೆಕ್ ಎಂಬ ತಂತ್ರಾಂಶದಿಂದ ಚಿತ್ರಗಳನ್ನು ಹುಡುಕಿ ತೆಗೆದೆವು.

ಚಿತ್ರಗಳು ಬಹುಮಟ್ಟಿಗೆ ದೊರೆತುವು, ಹೆಸರುಗಳು ದೊರೆಯಲಿಲ್ಲ. ಯಾವ ಕಲ್ಲು ಯಾವ ಊರಿನದು, ಯಾವ ಕಡತದ ಮಡಿಕೆ ಯಾವ ಮನೆಯದು ಎಂಬುದನ್ನು ಗುರುತಿಸಲು ನೆರವಾದುವು ಎರಡು. ಪ್ರತಿಯೊಂದು ಚಿತ್ರದೊಳಗೆ ಕ್ಯಾಮರಾ ಬರೆದಿಟ್ಟಿದ್ದ ದಿನಾಂಕ ಮತ್ತು ಹೊತ್ತು ಒಂದು. ಕ್ಷೇತ್ರಕಾರ್ಯದಲ್ಲಿ ಒಬ್ಬ ವಿದ್ಯಾರ್ಥಿನಿ ದಿನದಿನವೂ ಸೀಸದಕಡ್ಡಿಯಿಂದ ಬರೆದಿದ್ದ ೨೦೦ ಪುಟದ ನೋಟುಪುಸ್ತಕ ಇನ್ನೊಂದು. ಈ ಎರಡನ್ನೂ ತಾಳೆನೋಡುತ್ತ ಒಂದು ಬೇಸಿಗೆಯ ರಜೆಯನ್ನು ಕಳೆದೆವು. ಕೊಪ್ಪದ ಆ ಮನೆಯ ೨೧೪ ಚಿತ್ರಗಳಲ್ಲಿ ೨೦೨ ಪೂರ್ಣವಾಗಿಯೂ ೩ ಅರ್ಧವಾಗಿಯೂ ದೊರೆತುವು. ೯ ದೊರೆಯಲೇ ಇಲ್ಲ. ಆ ಒಂಬತ್ತರಲ್ಲಿ ಪಾಲಿನ ಗಡಿಯನ್ನು ಹೇಳುವ ಮಡಿಕೆಗಳು ಸೇರಿದ್ದುವು.

೭. ತ್ರುಟಿತ ಪಾಠದ ನ್ಯಾಯ

ಹಳೆಯ ಡಿಸ್ಕಿನ ವಿಷಯದಲ್ಲಿ ನಾವು ಮೊದಲು ಮಾಡಿದುದಕ್ಕೂ ಆ ಮೇಲೆ ಮಾಡಿದುದಕ್ಕೂ ಇರುವ ಭೇದವು ಶಾಸನಶಾಸ್ತ್ರದ ಅಭ್ಯಾಸಿಗಳಿಗೆ ಹೊಸದಲ್ಲ. ಸವೆದ ಕಲ್ಲಿನ ಮುಂದೆ ನಿಂತ ಸಂಪಾದಕನು ಕಂಡ ಅಕ್ಷರಗಳನ್ನು ಕಂಡಂತೆ ಬರೆದು, ಕಾಣದ ಕಡೆ ಚುಕ್ಕೆಗಳನ್ನಿಡುತ್ತಾನೆ. ಊಹಿಸಿದ ಅಕ್ಷರವಿದ್ದರೆ ಅದನ್ನು ಬೇರೆಯಾಗಿ ತೋರಿಸುತ್ತಾನೆ. ಇದಕ್ಕೆ ವಿರುದ್ಧವಾಗಿ, ಕೆಲವು ದೇವಾಲಯಗಳಲ್ಲಿ ಭಕ್ತರು ಅಕ್ಷರ ಚೆನ್ನಾಗಿ ಕಾಣಲೆಂದು ಮಸುಕಾದ ಗೆರೆಗಳ ಮೇಲೆ ಬಣ್ಣ ತುಂಬುವುದನ್ನು ನೋಡಿದ್ದೇವೆ. ಅಂತಹ ಕಲ್ಲಿನಲ್ಲಿ ಬಣ್ಣ ತುಂಬಿದವನ ಓದೇ ಉಳಿದು ಮೂಲವು ಅದರ ಕೆಳಗೆ ಹುದುಗಿಹೋಗುತ್ತದೆ. ಕಂಪ್ಯೂಟರಿನ ಸರಿಪಡಿಸುವ ತಂತ್ರಾಂಶವು ಈ ಭಕ್ತನಂತೆ. ತನ್ನ ಊಹೆಯನ್ನು ಮೂಲದ ಮೇಲೆಯೇ ಬರೆಯುತ್ತದೆ. ಪ್ರತಿ ತೆಗೆಯುವ ತಂತ್ರಾಂಶವು ಸಂಪಾದಕನಂತೆ. ದೊರೆಯದ ಭಾಗವನ್ನು ಬರಿದಾಗಿ ಬಿಟ್ಟು, ಎಲ್ಲಿ ಬಿಟ್ಟಿತು ಎಂಬುದರ ಲೆಕ್ಕ ಕೊಡುತ್ತದೆ. ಊಹೆ, ದುರಸ್ತಿ, ಪುನರ್ರಚನೆ ಇವೆಲ್ಲವೂ ಪ್ರತಿಯ ಮೇಲೆ ನಡೆಯಬೇಕಾದ ಕೆಲಸಗಳು. ಅಲ್ಲಿ ತಪ್ಪಿದರೆ ಇನ್ನೊಂದು ಪ್ರತಿಯನ್ನು ತೆಗೆದುಕೊಂಡು ಮತ್ತೆ ಆರಂಭಿಸಬಹುದು. ಮೂಲದ ಮೇಲೆ ತಪ್ಪಿದರೆ ಮರಳುವ ದಾರಿಯಿಲ್ಲ.

೮. ಉಪಸಂಹಾರ

ಮೇಲ್ಕಂಡ ವಿಚಾರದಿಂದ ಕಾಲೇಜುಗಳ ಇತಿಹಾಸ ವಿಭಾಗಗಳು ಅನುಸರಿಸಬಹುದಾದ ಕೆಲವು ಅಂಶಗಳು ಏರ್ಪಡುತ್ತವೆ. ಕ್ಷೇತ್ರದಲ್ಲಿ ತೆಗೆದ ಯಾವ ಚಿತ್ರವೂ ಒಂದೇ ಡಿಸ್ಕಿನಲ್ಲಿರಕೂಡದು. ಮೂರು ಪ್ರತಿಗಳಿದ್ದು, ಅವು ಎರಡು ಬಗೆಯ ವಸ್ತುಗ��ಲ್ಲಿದ್ದು, ಒಂದಾದರೂ ಬೇರೆ ಊರಿನಲ್ಲಿರುವುದು ಕ್ಷೇಮ. ಇತ್ತೀಚಿನ ಎಸ್‌ಎಸ್‌ಡಿಗಳಲ್ಲಿ ತಿರುಗುವ ತಟ್ಟೆಯಿಲ್ಲವಾದರೂ ಅವು ಮುನ್ಸೂಚನೆಯಿಲ್ಲದೆ ಒಮ್ಮೆಗೇ ಕೆಡಬಹುದು. ವಿದ್ಯುತ್ತಿಲ್ಲದೆ ಬಹುಕಾಲ ಬೀರುವಿನಲ್ಲಿಟ್ಟರೆ ಬರಹವು ಅಳಿಯಲೂಬಹುದು. ಆದುದರಿಂದ ಅವನ್ನೇ ನಂಬಿ ಕೂರುವಂತಿಲ್ಲ. ಹಿಂದಿನವರು ಓಲೆಯ ಕಟ್ಟನ್ನು ವರ್ಷಕ್ಕೊಮ್ಮೆ ಬಿಚ್ಚಿ ಗಾಳಿಗೆ ಹಿಡಿದಂತೆ ಡಿಸ್ಕನ್ನೂ ವರ್ಷಕ್ಕೊಮ್ಮೆ ತೆರೆದು ಪರೀಕ್ಷಿಸಬೇಕು. ಕೆಲವು ವರ್ಷಗಳಿಗೊಮ್ಮೆ ಎಲ್ಲವನ್ನೂ ಹೊಸ ಡಿಸ್ಕಿಗೆ ಸಾಗಿಸಬೇಕು. ಊರಿನ ಹಳೆಯ ಹೆಸರು ಹೊಸ ಹೆಸರುಗಳೆರಡನ್ನೂ, ಎಡೇಹಳ್ಳಿ ನರಸಿಂಹರಾಜಪುರಗಳಂತೆ, ಫೈಲಿನ ಹೆಸರಿನಲ್ಲಿಯೂ ಕಾಗದದ ಪುಸ್ತಕದಲ್ಲಿಯೂ ನಮೂದಿಸಬೇಕು. ಗುಡುಗು ಸಿಡಿಲಿನ ದಿನಗಳಲ್ಲಿ ಕೆಲಸ ಮುಗಿದೊಡನೆ ಡಿಸ್ಕನ್ನು ಕಳಚಿಡಬೇಕು. ಕುಂದು ಕಂಡರೆ ಅದರ ಮೇಲೆ ಏನನ್ನೂ ಬರೆಯದೆ, ಸರಿಪಡಿಸುವ ಸಲಹೆಗೆ ಒಪ್ಪದೆ, ಪ್ರತಿ ತೆಗೆಯುವುದಕ್ಕೆ ತೊಡಗಬೇಕು.

ಇವೆಲ್ಲಕ್ಕಿಂತ ಮುಖ್ಯವಾದುದು ದಾಖಲೆಯ ಒಡೆಯರಿಗೆ ಕೊಡಬೇಕಾದ ಪ್ರತಿ. ಅದನ್ನು ನಾವು ಇದುವರೆಗೆ ಸೌಜನ್ಯವೆಂದು ಎಣಿಸಿದ್ದೆವು. ಅದು ಸಂರಕ್ಷಣೆಯ ಒಂದು ಅಂಗವೆಂದು ಈಗ ತಿಳಿದಿದ್ದೇವೆ. ಚಿತ್ರ ತೆಗೆದ ವಾರದಲ್ಲಿಯೇ ಆ ಮನೆಗೆ ಒಂದು ಪ್ರತಿಯನ್ನು ತಲಪಿಸಿದ್ದರೆ, ಅಟ್ಟ ನೆನೆದ ದಿನವೂ ನಮ್ಮ ಡಿಸ್ಕು ಕೆಟ್ಟ ದಿನವೂ ಇಷ್ಟು ನಷ್ಟವಾಗುತ್ತಿರಲಿಲ್ಲ. ೨೦೨೩ರಲ್ಲಿ ದೊರೆತ ಚಿತ್ರಗಳನ್ನೆಲ್ಲ ಕಾಗದದ ಮೇಲೆ ಅಚ್ಚುಹಾಕಿಸಿ, ದೊರೆಯದ ಒಂಬತ್ತರ ಸ್ಥಾನದಲ್ಲಿ ಬರಿಯ ಹಾಳೆಗಳನ್ನಿಟ್ಟು, ಕಟ್ಟಿಸಿ, ಕೊಪ್ಪದ ಆ ಮನೆಗೆ ಒಯ್ದೆವು. ಮನೆಯ ಹಿರಿಯರು ಒಂದೊಂದೇ ಹಾಳೆಯನ್ನು ಮಗುಚಿ ನೋಡಿ, ಬರಿಯ ಹಾಳೆ ಬಂದಾಗ ತುಸು ತಡೆದು, “ಇಷ್ಟಾದರೂ ಬಂತಲ್ಲ ಮೇಷ್ಟ್ರೇ. ಆ ವರ್ಷವೇ ತಂದುಕೊಟ್ಟಿದ್ದರೆ ಇದೂ ಇರ್ತಿತ್ತು” ಎಂದರು. ಅವರ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆ ಒಂಬತ್ತು ಹಾಳೆಗಳು ಇನ್ನು ತುಂಬುವಂತಿಲ್ಲ. ಬೇರೆ ಬೀರುಗಳಲ್ಲಿ, ಬೇರೆ ವಿಭಾಗಗಳಲ್ಲಿ, ಇದೇ ಸ್ಥಿತಿಯಲ್ಲಿರುವ ಡಿಸ್ಕುಗಳಿಂದ ಇನ್ನಷ್ಟು ಹಾಳೆಗಳು ಬರಿದಾಗದಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ.